ಹೊಳಿ ದಂಡಿ ಯಾರದು? ನೀರಂಚಿನ ವಾಕ್‌ವೇಗಳ ಬಗ್ಗೆ ಕೃಷ್ಣಾ ತೀರದವರು ತಿಳಿದಿರಬೇಕಾದ ಸಂಗತಿಗಳು

ಸಮುದ್ರ ಇರುವ ಊರಿಗೆ ಸೀ ವಾಕ್, ನದಿ ಇರುವ ಊರಿಗೆ ರಿವರ್‌ಫ್ರಂಟ್, ಎರಡೂ ಇಲ್ಲದ ಊರಿಗೆ ಕೆರೆ ಸುತ್ತ ವಾಕಿಂಗ್ ಪಾಥ್. ಸ್ಮಾರ್ಟ್ ಸಿಟಿ ಯೋಜನೆ ಬಂದ ಮೇಲಂತೂ ಊರು ಅಭಿವೃದ್ಧಿಯಾಗಿದೆ ಅಂತ ತೋರಿಸಲು ಎಲ್ಲ ಪಕ್ಷದವರೂ ಬಳಸುವ ಚಿತ್ರ ಇದೇ: ಹೊಳೆಯುವ ಟೈಲ್ಸ್, ಸಾಲು ದೀಪ, ಸ್ಟೀಲ್ ಕಂಬಿ, ಪಕ್ಕದಲ್ಲಿ ತುಂಬಿದ ನೀರು.

ತೆಲಸಂಗದವರಿಗೆ ಇದು ಬೇರೆ ಊರಿನ ಸುದ್ದಿ ಅನಿಸಬಹುದು. ಅಥಣಿ ತಾಲೂಕಿನ ಪೂರ್ವ ಭಾಗದಲ್ಲಿ, ವಿಜಯಪುರ ಜಿಲ್ಲೆಯ ಗಡಿ ಹತ್ತಿರ ಇರುವ ಈ ಸೀಮೆಯ ಚಿಂತೆ ಏನಿದ್ದರೂ ಕುಡಿಯುವ ನೀರು ಮತ್ತು ಹೊಲದ ನೀರು. ಆದರೆ ಅದೇ ತಾಲೂಕಿನ ಇನ್ನೊಂದು ಮಗ್ಗುಲಲ್ಲಿ, ಹಲ್ಯಾಳ, ದರೂರ, ಸಪ್ತಸಾಗರದ ಕಡೆ ಕೃಷ್ಣಾ ಹರಿಯುತ್ತದೆ. ಅಲ್ಲಿಯ ಚಿಂತೆ ಮಹಾಪೂರ. ಒಂದೇ ತಾಲೂಕಿನಲ್ಲಿ ಒಬ್ಬರಿಗೆ ನೀರು ಇಲ್ಲದ ಕಷ್ಟ, ಇನ್ನೊಬ್ಬರಿಗೆ ನೀರು ಬಂದ ಕಷ್ಟ. ಹೊಳಿ ದಂಡಿಯ ಮೇಲೆ ಏನು ಕಟ್ಟುತ್ತೇವೆ ಅನ್ನೋದು ಈ ಇಬ್ಬರಿಗೂ ತಟ್ಟುವ ವಿಷಯ.

ಹಾಗಂತ ಹೊಳಿ ದಂಡಿಯಲ್ಲಿ ಅಡ್ಡಾಡೋದೇ ತಪ್ಪು ಅಂತ ಈ ಲೇಖನ ಹೇಳುತ್ತಿಲ್ಲ. ಅಡ್ಡಾಡಲು ಜಾಗ ಬೇಕೇ ಬೇಕು. ಕೇಳಬೇಕಾದ್ದು ಬೇರೆ: ಆ ಜಾಗಕ್ಕಾಗಿ ನದಿಯನ್ನು ಗೋಡೆಯೊಳಗೆ ಕೂಡಿಸುತ್ತೇವೋ, ನದಿ ಬಂದಾಗ ಹಿಂದೆ ಸರಿಯುವಂತೆ ಕಟ್ಟುತ್ತೇವೋ?

ಈ ಕಲ್ಪನೆ ಬಂದದ್ದು ಎಲ್ಲಿಂದ?

ಕಡಲ ದಂಡೆಯಲ್ಲಿ ಸುಮ್ಮನೆ ನಡೆಯಲಿಕ್ಕೆಂದೇ ರಸ್ತೆ ಕಟ್ಟುವ ರೂಢಿ ಯುರೋಪಿನಲ್ಲಿ ಬೆಳೆಯಿತು. ಫ್ರಾನ್ಸಿನ ನೀಸ್ ನಗರದ ಪ್ರಸಿದ್ಧ ನಡಿಗೆದಾರಿ ಶುರುವಾದದ್ದು 1820ರ ದಶಕದಲ್ಲಿ. ಚಳಿಗಾಲ ಕಳೆಯಲು ಅಲ್ಲಿಗೆ ಬರುತ್ತಿದ್ದ ಶ್ರೀಮಂತ ಇಂಗ್ಲಿಷರು ಹಣ ಹಾಕಿದರು, ಕೆಲಸವಿಲ್ಲದ ಬಡವರು ಕೂಲಿ ಮಾಡಿದರು. ಇಂದಿಗೂ ಅದರ ಹೆಸರಿನಲ್ಲಿ ಇಂಗ್ಲಿಷರೇ ಇದ್ದಾರೆ, ಕೂಲಿಯವರಿಲ್ಲ.

ಭಾರತಕ್ಕೆ ಇದು ಬ್ರಿಟಿಷ್ ಆಡಳಿತದ ಜೊತೆ ಬಂತು. ಮದ್ರಾಸಿನ ಮರೀನಾ ದಂಡೆಯ ನಡಿಗೆದಾರಿ ಗವರ್ನರ್ ಗ್ರಾಂಟ್ ಡಫ್ ಕಾಲದ್ದು, ಅಂದರೆ 1880ರ ದಶಕದ್ದು. ಮುಂಬೈನ ಮರೀನ್ ಡ್ರೈವ್ ಸಮುದ್ರಕ್ಕೆ ಮಣ್ಣು ತುಂಬಿ ಪಡೆದ ನೆಲದ ಮೇಲೆ ನಿಂತಿದೆ. ಸುಮಾರು 3.6 ಕಿ.ಮೀ. ಉದ್ದದ ಆ ಕಟ್ಟೆಯ ಮೇಲೆ ಕೂರಲು ಯಾರೂ ಟಿಕೆಟ್ ಕೇಳುವುದಿಲ್ಲ. ಒಂದು ಕೋಣೆಯ ಮನೆಯಲ್ಲಿ ಆರು ಜನ ಇರುವ ನಗರದಲ್ಲಿ ಅದು ಸಣ್ಣ ಮಾತಲ್ಲ.

ಉತ್ತರ ಕರ್ನಾಟಕಕ್ಕೆ ಇದು ಪೂರ್ತಿ ಹೊಸದೇನೂ ಅಲ್ಲ. ಸಂಕ್ರಾಂತಿಗೆ ಮೈಗೆ ಎಳ್ಳು ಹಚ್ಚಿಕೊಂಡು ಹೊಳಿ ಸ್ನಾನ ಮಾಡಿ, ದಂಡಿ ಮೇಲೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣಗಾಯಿಯ ಬುತ್ತಿ ಬಿಚ್ಚಿ ಊಟ ಮಾಡುವುದು ಇಲ್ಲಿಯ ಪದ್ಧತಿ. ಟೈಲ್ಸ್ ಇಲ್ಲದ ಕಾಲದಿಂದಲೂ ಹೊಳಿ ದಂಡಿ ಜನರ ವಿರಾಮದ ಜಾಗವೇ. ಜೊತೆಗೆ ಅದು ಬಟ್ಟೆ ಒಗೆಯುವ, ದನ ಮೈತೊಳೆಯುವ, ಮೀನು ಹಿಡಿಯುವ, ಕ್ರಿಯಾಕರ್ಮ ಮಾಡುವ ಜಾಗವೂ ಹೌದು. ರಿವರ್‌ಫ್ರಂಟ್ ಬಂದಾಗ ಈ ಎಲ್ಲ ಬಳಕೆಗಳಲ್ಲಿ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಹೊರಗೆ ಹಾಕುವ ಸಾಧ್ಯತೆ ಇರುತ್ತದೆ. ಜಗಳ ಶುರುವಾಗುವುದು ಅಲ್ಲಿಂದ.

ಕರ್ನಾಟಕದಲ್ಲಿ ಎಲ್ಲೆಲ್ಲಿ ಏನಾಗಿದೆ?

ಕರಾವಳಿಯಲ್ಲಿ ಮಲ್ಪೆಯ ಸೀ ವಾಕ್ 2018ರಲ್ಲಿ ತೆರೆಯಿತು. ಬಂದರಿನ ಅಲೆತಡೆಗೋಡೆಯ ಮೇಲೆಯೇ ನಡಿಗೆದಾರಿ ಮಾಡಿದ್ದು ಇದರ ವಿಶೇಷ. ಮೊದಲೇ ಇದ್ದ ಕಲ್ಲಿನ ಗೋಡೆಗೆ ಇನ್ನೊಂದು ಉಪಯೋಗ ಸಿಕ್ಕಿತು. ಕುಂದಾಪುರದ ಕೋಡಿಯಲ್ಲೂ ಇಂಥದ್ದೇ ಇದೆ. ಮಂಗಳೂರಿನಲ್ಲಿ ಸ್ಮಾರ್ಟ್ ಸಿಟಿ ಅಡಿ ನೇತ್ರಾವತಿ ದಂಡೆಯ ಯೋಜನೆ ಬಂದಾಗ, ಕರಾವಳಿ ನಿಯಂತ್ರಣ ವಲಯದ ನಿಯಮ ಮೀರುತ್ತಿದೆ ಎಂದು ಪರಿಸರ ಕಾರ್ಯಕರ್ತರು ಆಕ್ಷೇಪ ಎತ್ತಿದರು. ಶಿವಮೊಗ್ಗದಲ್ಲಿ ತುಂಗಾ ನದಿಯ ದಂಡೆ ಇದೇ ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಬದಲಾಯಿತು.

ಕಾರವಾರದ ಕತೆ ಬೇರೆ ಥರದ್ದು. 1880ರ ದಶಕದಲ್ಲಿ ಅಲ್ಲಿ ತಂಗಿದ್ದ ರವೀಂದ್ರನಾಥ ಟ್ಯಾಗೋರರ ಹೆಸರನ್ನು ಅಲ್ಲಿಯ ಬೀಚಿಗೆ ಇಡಲಾಗಿದೆ. 2020ರ ಜನವರಿಯಲ್ಲಿ ಬಂದರಿನ ಎರಡನೇ ಹಂತದ ವಿಸ್ತರಣೆ ಕೆಲಸ ಶುರುವಾದಾಗ, ಹೊಸ ಅಲೆತಡೆಗೋಡೆಯಿಂದ ಬೀಚೇ ಹೋಗುತ್ತದೆ, ದೋಣಿ ನಿಲ್ಲಿಸಲು ಜಾಗ ಉಳಿಯುವುದಿಲ್ಲ ಎಂದು ಮೀನುಗಾರರು ಬೀದಿಗಿಳಿದರು. ಊರಿನ ಅಂಗಡಿಯವರು, ವಾಕಿಂಗ್ ಹೋಗುವವರು ಜೊತೆ ನಿಂತರು. ಹೈಕೋರ್ಟ್ ಕೆಲಸಕ್ಕೆ ತಡೆ ಕೊಟ್ಟಿತು. ಬೀಚನ್ನು ದುಡಿಮೆಗೆ ಬಳಸುವವರು ಮತ್ತು ವಿರಾಮಕ್ಕೆ ಬಳಸುವವರು ಒಂದೇ ಕಡೆ ನಿಂತ ಅಪರೂಪದ ಉದಾಹರಣೆ ಇದು.

ನಮ್ಮ ಜಿಲ್ಲೆಯಲ್ಲಿ ನೀರಂಚಿನ ವಿಹಾರ ಅಂದರೆ ಮೊದಲು ನೆನಪಾಗುವುದು ಬೆಳಗಾವಿಯ ಕೋಟೆ ಕೆರೆ. 2018ರಲ್ಲಿ 110 ಮೀಟರ್ ಎತ್ತರದ ಧ್ವಜಸ್ತಂಭ ನಿಂತದ್ದು ಅಲ್ಲೇ. ಆದರೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಯ ಮುಂದೆ ಈ ಪ್ರಶ್ನೆ ಬಂದರೆ ಅದು ಕೆರೆಯ ಪ್ರಶ್ನೆ ಆಗಿರುವುದಿಲ್ಲ, ಕೃಷ್ಣೆಯ ಪ್ರಶ್ನೆ ಆಗಿರುತ್ತದೆ. ಅಲ್ಲಿ ಎಲ್ಲರೂ ತೋರಿಸುವ ಮಾದರಿ ಒಂದೇ: ಸಾಬರಮತಿ.

ಸಾಬರಮತಿ ಮಾದರಿ ಅಂದರೆ ಏನು?

ಅಹಮದಾಬಾದಿನ ಸಾಬರಮತಿ ರಿವರ್‌ಫ್ರಂಟಿಗೆ 1997ರಲ್ಲಿ ಒಂದು ಪ್ರತ್ಯೇಕ ಕಂಪನಿ ರಚನೆಯಾಯಿತು. 2005ರಲ್ಲಿ ಕಾಮಗಾರಿ ಶುರುವಾಗಿ, 2012ರಲ್ಲಿ ನಡಿಗೆದಾರಿ ಜನರಿಗೆ ತೆರೆಯಿತು. ಮೊದಲ ಹಂತದಲ್ಲಿ ಎರಡೂ ದಂಡೆಗಳ ಮೇಲೆ ತಲಾ ಸುಮಾರು 11 ಕಿ.ಮೀ. ಕಾಂಕ್ರೀಟ್ ಗೋಡೆ ಎದ್ದಿತು. ಎಲ್ಲೋ ಅಗಲ, ಎಲ್ಲೋ ಕಿರಿದು ಇದ್ದ ನದಿಯ ಅಗಲವನ್ನು ಸುಮಾರು 263 ಮೀಟರಿಗೆ ಸಮ ಮಾಡಲಾಯಿತು. ಹಾಗೆ ನದಿಯಿಂದ ತೆಗೆದುಕೊಂಡ ನೆಲ ಸುಮಾರು 200 ಹೆಕ್ಟೇರ್. ಅದರಲ್ಲಿ ರಸ್ತೆ, ಉದ್ಯಾನ, ಮಾರಾಟಕ್ಕೆ ನಿವೇಶನ ಎಲ್ಲ ಬಂದವು. ಯೋಜನೆಯ ಆರ್ಥಿಕ ಲೆಕ್ಕಾಚಾರ ನಿಂತಿರುವುದೇ ಈ ಹೊಸ ನೆಲದ ಮೇಲೆ.

ನಾವು ಕೇಳಿಸಿಕೊಳ್ಳಬೇಕಾದ ಮೂರು ಸಂಗತಿ ಇವೆ.

ಒಂದು, ಜನ. ನದಿ ದಂಡೆಯ ಕೊಳೆಗೇರಿಗಳಲ್ಲಿದ್ದ 10 ಸಾವಿರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಡಬೇಕಾಯಿತು. ಎಷ್ಟೋ ಮಂದಿಗೆ ಮನೆ ಸಿಕ್ಕಿದ್ದು ಊರ ಹೊರಗೆ, ಕೆಲಸದಿಂದ ದೂರ. ಅಷ್ಟಾದರೂ ಸಿಕ್ಕಿದ್ದು ದಂಡೆಯ ನಿವಾಸಿಗಳು ಸಂಘಟಿತರಾಗಿ ಗುಜರಾತ್ ಹೈಕೋರ್ಟಿಗೆ ಹೋದ ಮೇಲೆ.

ಎರಡು, ನೀರು. ಸಾಬರಮತಿ ಮಳೆಗಾಲದ ನದಿ. ವರ್ಷವಿಡೀ ಫೋಟೊದಲ್ಲಿ ತುಂಬಿ ಕಾಣುವುದು ನರ್ಮದಾ ಕಾಲುವೆಯ ನೀರಿನಿಂದ. ಕೆಳಗಡೆ ವಾಸಣಾ ಬ್ಯಾರೇಜ್ ಆ ನೀರನ್ನು ಹಿಡಿದು ನಿಲ್ಲಿಸುತ್ತದೆ. ಬೇರೆಯವರ ನದಿಯ ನೀರು ತಂದು ಈ ನದಿಯನ್ನು ತುಂಬಿಸಿದ ಹಾಗೆ.

ಮೂರು, ಕೊಳಕು. ನಗರ ದಾಟಿದ ಮೇಲೆ ಅದೇ ಸಾಬರಮತಿ ಚರಂಡಿ ಮತ್ತು ಕಾರ್ಖಾನೆ ನೀರಿನಿಂದ ದೇಶದ ತೀವ್ರ ಮಲಿನ ನದಿಗಳ ಸಾಲಿಗೆ ಸೇರುತ್ತದೆ. 2021ರಲ್ಲಿ ಗುಜರಾತ್ ಹೈಕೋರ್ಟ್ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಳ್ಳಬೇಕಾಯಿತು.

ಸಾಬರಮತಿ ದಂಡೆಯಲ್ಲಿ ಸಂಜೆ ಸಾವಿರಾರು ಜನ ಖುಷಿಯಿಂದ ಅಡ್ಡಾಡುತ್ತಾರೆ ಅನ್ನುವುದೂ ಅಷ್ಟೇ ನಿಜ. ಅದನ್ನು ಅಲ್ಲಗಳೆದು ವಾದ ಮಾಡಿದರೆ ಯಾರೂ ಕೇಳುವುದಿಲ್ಲ. ಆದರೆ ಈ ಮಾದರಿಯನ್ನು ಎತ್ತಿಕೊಂಡು ಹೋದ ಊರುಗಳ ಅನುಭವವನ್ನೂ ನೋಡಬೇಕು. ಲಖನೌದ ಗೋಮತಿ ರಿವರ್‌ಫ್ರಂಟ್ ಸಿಬಿಐ ತನಿಖೆಗೆ ಹೋಯಿತು. ಪುಣೆಯಲ್ಲಿ ಮುಳಾ–ಮುಠಾ ನದಿಗಳ 44 ಕಿ.ಮೀ. ಯೋಜನೆ ಮರಗಳನ್ನು ಕಡಿಯುತ್ತದೆ, ಪ್ರವಾಹ ಹರಿಯುವ ಜಾಗವನ್ನು ಕಿರಿದು ಮಾಡುತ್ತದೆ ಎಂದು 2023ರಲ್ಲಿ ಸಾವಿರಾರು ನಾಗರಿಕರು ಮರ ತಬ್ಬಿ ಪ್ರತಿಭಟಿಸಿದರು.

ಕೃಷ್ಣೆಗೆ ಅದು ಯಾಕೆ ಹೊಂದುವುದಿಲ್ಲ?

ಕೃಷ್ಣಾ ಕರ್ನಾಟಕಕ್ಕೆ ಬರುವಾಗಲೇ ಕೊಯ್ನಾ, ವಾರಣಾ, ಪಂಚಗಂಗಾ ನೀರನ್ನು ಹೊತ್ತು ತರುತ್ತದೆ. ಗಡಿ ದಾಟಿದ ಮೇಲೆ ದೂಧಗಂಗಾ–ವೇದಗಂಗಾ ನೀರೂ ಸೇರುತ್ತದೆ. ಸಹ್ಯಾದ್ರಿಯಲ್ಲಿ ಮಳೆ ಜೋರಾದರೆ ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಳಿ ಏರುತ್ತದೆ. ಪ್ರತಿ ಮಳೆಗಾಲ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭಿವಶಿ ಸೇತುವೆಗಳು ಮುಳುಗಿದ ಸುದ್ದಿ ಬಂದೇ ಬರುತ್ತದೆ. ಇಲ್ಲಿಯವರಿಗೆ ಆ ಹೆಸರುಗಳು ಬಾಯಿಪಾಠ.

ಇನ್ನು 2005, 2019, 2021ರ ಮಹಾಪೂರಗಳು. ಮೇಲ್ಗಡೆ ಸಾಂಗಲಿಯ ಇರ್ವಿನ್ ಸೇತುವೆಯಲ್ಲಿ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟ್‌ನಲ್ಲಿ ನೀರು ಅಲ್ಲಿ 57 ಅಡಿ ದಾಟಿತು. ಆ ನೀರೇ ನಂತರ ಕಾಗವಾಡ, ರಾಯಬಾಗ, ಅಥಣಿ ತಾಲೂಕುಗಳ ಕಬ್ಬಿನ ಹೊಲ, ಮನೆ, ದನದ ಕೊಟ್ಟಿಗೆಗಳಿಗೆ ನುಗ್ಗಿತು.

ಇಂಥ ಹೊಳಿಗೆ ಒಂದು ಊರಿನ ಹತ್ತಿರ ಎತ್ತರದ ಗೋಡೆ ಕಟ್ಟಿದರೆ ಏನಾಗುತ್ತದೆ? ನೀರಿನ ಪ್ರಮಾಣ ಅಷ್ಟೇ ಇರುತ್ತದೆ, ಹರಡಲು ಜಾಗ ಕಡಿಮೆಯಾಗುತ್ತದೆ. ಕಿರಿದಾದ ಜಾಗದ ಮೇಲ್ಗಡೆ ನೀರು ಹಿಂದಕ್ಕೆ ಒತ್ತಿ ಏರುತ್ತದೆ. ಗೋಡೆ ಇರುವ ದಂಡೆ ಉಳಿದರೆ ಎದುರು ದಂಡೆಯ ಊರಿಗೆ ಹೆಚ್ಚು ನೀರು ಹೊಕ್ಕುತ್ತದೆ. ಅಂದರೆ ಒಬ್ಬರ ವಾಕಿಂಗ್ ಪಾಥ್ ಇನ್ನೊಬ್ಬರ ಮನೆಯೊಳಗಿನ ನೀರು ಆಗಬಹುದು. ಎದುರು ದಂಡೆ ಬೇರೆ ತಾಲೂಕಿನದ್ದಾಗಿರಬಹುದು, ಕಾಗವಾಡದ ಕಡೆಯಾದರೆ ಬೇರೆ ರಾಜ್ಯದ್ದೇ ಆಗಿರಬಹುದು. ಆಲಮಟ್ಟಿ ಹಿನ್ನೀರಿನಿಂದಲೇ ಸಾಂಗಲಿ, ಕೊಲ್ಹಾಪುರಕ್ಕೆ ಪ್ರವಾಹ ಎಂದು ವಾದಿಸುವ ಮಹಾರಾಷ್ಟ್ರ, ಅಣೆಕಟ್ಟಿನ ಎತ್ತರವನ್ನು 524.256 ಮೀಟರಿಗೆ ಏರಿಸುವುದನ್ನು ವಿರೋಧಿಸುತ್ತಲೇ ಇದೆ. ಹೊಳಿಯೊಳಗೆ ನಾವು ಕಟ್ಟುವ ಪ್ರತಿ ಗೋಡೆಯೂ ಆ ಜಗಳಕ್ಕೆ ಇನ್ನೊಂದು ಕಟ್ಟಿಗೆ.

ಬೇಸಿಗೆಯಲ್ಲಿ ಚಿತ್ರ ಪೂರ್ತಿ ಉಲ್ಟಾ. ಏಪ್ರಿಲ್–ಮೇ ಬಂದರೆ ಹೊಳಿಯಲ್ಲಿ ಕಲ್ಲು ಕಾಣುತ್ತವೆ. ಕೊಯ್ನಾ, ವಾರಣಾ ಜಲಾಶಯಗಳಿಂದ ನೀರು ಬಿಡಿ ಎಂದು ಕರ್ನಾಟಕದ ಮುಖ್ಯಮಂತ್ರಿ ಮಹಾರಾಷ್ಟ್ರಕ್ಕೆ ಪತ್ರ ಬರೆಯುತ್ತಾರೆ. ಅದಕ್ಕೆ ಬದಲಾಗಿ ಕನ್ನಡದ ಹಳ್ಳಿಗಳೂ ಇರುವ ಜತ್ತ ತಾಲೂಕಿಗೆ ನೀರು ಕೊಡಿ ಎಂಬ ಮಾತು ಆ ಕಡೆಯಿಂದ ಬರುತ್ತದೆ. ಈ ಪರಿಸ್ಥಿತಿಯಲ್ಲಿ ಸಾಬರಮತಿಯಂತೆ ವರ್ಷವಿಡೀ ತುಂಬಿದ ನೀರು ತೋರಿಸಬೇಕೆಂದರೆ, ಬ್ಯಾರೇಜಿನಲ್ಲಿ ನೀರು ಹಿಡಿದು ನಿಲ್ಲಿಸಬೇಕು. ತೆಲಸಂಗ, ಕೊಟ್ಟಲಗಿ ಕಡೆಯವರು ಹೊಳಿ ನೀರು ಮೇಲೆತ್ತಿ ತನ್ನಿ ಎಂದು ವರ್ಷಗಟ್ಟಲೆ ಕೇಳಿದ್ದಾರೆ. ಕೊಟ್ಟಲಗಿ ಅಮ್ಮಾಜೇಶ್ವರಿ ಏತ ನೀರಾವರಿ, ಖಿಳೇಗಾಂವ ಬಸವೇಶ್ವರ ಏತ ನೀರಾವರಿ ಎಂಬ ಹೆಸರುಗಳ ಹಿಂದೆ ಇರುವುದು ಆ ದಾಹ. ನೋಡಲಿಕ್ಕೆ ನಿಲ್ಲಿಸುವ ನೀರು ಮೊದಲೋ, ಕೆರೆಗೆ ಏರಿಸುವ ನೀರು ಮೊದಲೋ ಎಂಬ ಪ್ರಶ್ನೆ ಆಗ ನೇರವಾಗಿ ಎದುರು ನಿಲ್ಲುತ್ತದೆ.

ಹಾಗಾದರೆ ಕೃಷ್ಣೆಗೆ ಹೊಂದುವ ಮಾದರಿ ಯಾವುದು?

ಅದು ಕೃಷ್ಣೆಯ ದಂಡೆಯಲ್ಲೇ ಇದೆ, ಘಾಟ್ ರೂಪದಲ್ಲಿ. ಕಲ್ಲಿನ ಪಾವಟಿಗೆಗಳು ನದಿಗೆ ಇಳಿಯುತ್ತವೆ. ನೀರು ಏರಿದಷ್ಟು ಪಾವಟಿಗೆ ಮುಳುಗುತ್ತವೆ, ಇಳಿದ ಮೇಲೆ ಕೆಸರು ತೊಳೆದರೆ ಮತ್ತೆ ಬಳಕೆಗೆ ಸಿದ್ಧ. ಕಂಬಿ ಇಲ್ಲ, ಮುರಿಯುವ ಟೈಲ್ಸ್ ಇಲ್ಲ, ನೀರಿಗೂ ಜನರಿಗೂ ನಡುವೆ ಗೋಡೆ ಇಲ್ಲ.

ಮೇಲ್ಗಡೆ ವಾಯಿಯಲ್ಲಿ ಕೃಷ್ಣಾ ಘಾಟಿನ ಮೇಲೆಯೇ 1762ರ ಢೋಲ್ಯಾ ಗಣಪತಿ ಗುಡಿ ಇದೆ. ಅದರ ಹಿಂಗೋಡೆಯನ್ನು ಮೀನಿನ ಆಕಾರದಲ್ಲಿ ಕಟ್ಟಿದ್ದಾರೆ. ಪ್ರವಾಹ ಬಂದರೆ ನೀರು ಎರಡಾಗಿ ಸೀಳಿ ಅಕ್ಕಪಕ್ಕ ಹರಿದು ಹೋಗಲಿ ಅಂತ. ಇನ್ನೂ ಹತ್ತಿರ, ಕೃಷ್ಣಾ–ಪಂಚಗಂಗಾ ಸಂಗಮದ ನರಸೋಬಾವಾಡಿ ದತ್ತ ಮಂದಿರ. ಹೊಳಿ ಏರಿದಾಗ ನೀರು ಗುಡಿಯೊಳಗೆ ಹೊಕ್ಕು ದಕ್ಷಿಣದ ಬಾಗಿಲಿನಿಂದ ಹೊರಬರುತ್ತದೆ. ಅದಕ್ಕೆ ದಕ್ಷಿಣದ್ವಾರ ಸೋಹಳಾ ಅಂತ ಹೆಸರು, ಆ ನೀರಿನಲ್ಲಿ ಮೀಯಲು ನಮ್ಮ ಕಡೆಯಿಂದಲೂ ಭಕ್ತರು ಹೋಗುತ್ತಾರೆ. ದೇವರ ಉತ್ಸವಮೂರ್ತಿಯನ್ನು ಎತ್ತರದ ಜಾಗಕ್ಕೆ ಒಯ್ಯುತ್ತಾರೆ, ನದಿಯನ್ನು ತಡೆಯಲು ಹೋಗುವುದಿಲ್ಲ. ಅಲ್ಲಿ ಹೊಳಿ ಬರುವುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.

ಇದು ಹಳೆಯ ಕಾಲದ ಬುದ್ಧಿ ಮಾತ್ರ ಅಂದುಕೊಳ್ಳಬೇಡಿ. ಶತಮಾನಗಟ್ಟಲೆ ಗೋಡೆ ಕಟ್ಟಿಯೇ ಬದುಕಿದ ನೆದರ್‌ಲ್ಯಾಂಡ್ಸ್, ಈಗ ನದಿಗೆ ಜಾಗ ಬಿಡುವ ಯೋಜನೆಗೆ ಹೊರಳಿದೆ. ನೈಮೇಖನ್ ಎಂಬ ಊರಿನಲ್ಲಿ ವಾಲ್ ನದಿಯ ಒಡ್ಡನ್ನು ಸುಮಾರು 350 ಮೀಟರ್ ಹಿಂದಕ್ಕೆ ಸರಿಸಿ, ಪಕ್ಕದಲ್ಲಿ ಹೊಸ ಕಾಲುವೆ ತೋಡಿದರು. ನಡುವೆ ಉಳಿದ ದ್ವೀಪ ಈಗ ಜನರ ಉದ್ಯಾನ. ಮನೆಗಳನ್ನು ತೆಗೆಯಬೇಕಾಯಿತು, ಅದಕ್ಕೆ ವಿರೋಧವೂ ಬಂತು. ಆದರೆ ಜನರನ್ನು ಸರಿಸಿದ್ದು ನದಿಗೆ ಜಾಗ ಕೊಡಲಿಕ್ಕೆ, ನಿವೇಶನ ಮಾರಲಿಕ್ಕೆ ಅಲ್ಲ. ಪ್ಯಾರಿಸ್ ಕೂಡ ಸೆನ್ ನದಿಯ ಕೆಳದಂಡೆಯಲ್ಲಿ ಕಾರುಗಳನ್ನು ನಿಲ್ಲಿಸಿ ನಡೆಯುವವರಿಗೆ ಬಿಟ್ಟಿದೆ. ನದಿ ಏರಿದಾಗ ಆ ದಾರಿ ಮುಳುಗುತ್ತದೆ, ಮುಚ್ಚುತ್ತಾರೆ, ಇಳಿದ ಮೇಲೆ ತೆರೆಯುತ್ತಾರೆ.

ನಡೆಯುವ ಹಕ್ಕು ಯಾರಿಗೆ?

ನೀರಂಚಿನ ದಾರಿ ಕಟ್ಟಿದ ಮಾತ್ರಕ್ಕೆ ಅದು ಎಲ್ಲರದ್ದಾಗುವುದಿಲ್ಲ. 1985ರಲ್ಲಿ ಮರೀನಾ ಸೌಂದರ್ಯೀಕರಣದ ಹೆಸರಿನಲ್ಲಿ ಮೀನುಗಾರರ ದೋಣಿ, ಬಲೆ ತೆಗೆಸಲು ಹೋದದ್ದು ಪೊಲೀಸ್ ಗೋಲಿಬಾರಿನಲ್ಲಿ ಮುಗಿಯಿತು. ಅದೇ ಮರೀನಾದಲ್ಲಿ 2017ರ ಜನವರಿಯಲ್ಲಿ ಜಲ್ಲಿಕಟ್ಟಿಗಾಗಿ ಯುವಜನ ಲಕ್ಷಗಟ್ಟಲೆ ಸೇರಿದರು. ಮರುವರ್ಷ ಮದ್ರಾಸ್ ಹೈಕೋರ್ಟ್ ಅಲ್ಲಿ ಪ್ರತಿಭಟನೆಗೆ ಅವಕಾಶವಿಲ್ಲ ಎಂದಿತು. 2023ರ ಜೂನ್‌ನಲ್ಲಿ ಉಳ್ಳಾಲದ ಸೋಮೇಶ್ವರ ಬೀಚಿನಲ್ಲಿ ಗೆಳತಿಯರ ಜೊತೆ ಕೂತಿದ್ದ ವಿದ್ಯಾರ್ಥಿಗಳನ್ನು ಧರ್ಮದ ಹೆಸರಿನಲ್ಲಿ ಹೊಡೆದರು. ಜಾಗ ಸಾರ್ವಜನಿಕ ಅಂತ ಬೋರ್ಡ್ ಹಾಕುವುದು ಸುಲಭ, ಹುಡುಗಿಯರು ಸಂಜೆ ಏಳರ ನಂತರವೂ ಹೆದರಿಕೆ ಇಲ್ಲದೆ ಕೂರುವಂತೆ ಮಾಡುವುದು ಕಷ್ಟ. ಶೌಚಾಲಯ, ದೀಪ, ಬಸ್ಸು, ಭಜಿ–ಮಿರ್ಚಿ ಗಾಡಿಯವರಿಗೆ ಜಾಗ, ಇವು ಅಲಂಕಾರದ ಮಾತಲ್ಲ. ಗಾಡಿಯವರ ಹಕ್ಕಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯೇ ಇದೆ.

ಕಾನೂನು ಏನು ಹೇಳುತ್ತದೆ?

ಸಮುದ್ರ ದಂಡೆಗೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಇದೆ, ಈಗ ಜಾರಿಯಲ್ಲಿರುವುದು 2019ರದ್ದು. ಒಳನಾಡಿನ ನದಿಗಳಿಗೆ ಅಂಥ ರಾಷ್ಟ್ರಮಟ್ಟದ ವಲಯ ನಿಯಮ ಬರಲೇ ಇಲ್ಲ, ಕರಡುಗಳಲ್ಲೇ ಉಳಿಯಿತು. ಹಾಗಾಗಿ ಕೃಷ್ಣೆಯ ದಂಡೆಗೆ ಮಂಗಳೂರಿನ ನೇತ್ರಾವತಿ ದಂಡೆಗೆ ಇರುವಷ್ಟು ರಕ್ಷಣೆಯೂ ಇಲ್ಲ.

ಕೆರೆಗಳಿಗೆ ರಾಜ್ಯದ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಇದೆ. ಅದರಲ್ಲಿ ಕೆರೆಯ ಗಡಿಯಿಂದ 30 ಮೀಟರ್ ಬಫರ್ ಇತ್ತು. ಬೆಂಗಳೂರಿನ ಕೆರೆಗಳಿಗೆ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿದ್ದ 75 ಮೀಟರ್ ಅನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿ ಮಸೂದೆ, ಕೆರೆಯ ಗಾತ್ರ ನೋಡಿ ಬಫರ್ ಕಡಿಮೆ ಮಾಡುವುದನ್ನು ಹೇಳುತ್ತದೆ. ಸಣ್ಣ ಕೆರೆಗಳೇ ಹೆಚ್ಚಿರುವ ಒಣ ತಾಲೂಕುಗಳಿಗೆ ಇದರ ಪೆಟ್ಟು ಜಾಸ್ತಿ.

ತೆಲಸಂಗದಂಥ ಊರಿಗೆ ನಿಜವಾಗಿ ಎಟಕುವ ನೀರಂಚಿನ ದಾರಿ ಅಂದರೆ ಕೆರೆ ಏರಿ. 2022ರ ಏಪ್ರಿಲ್‌ನಲ್ಲಿ ಶುರುವಾದ ಅಮೃತ ಸರೋವರ ಯೋಜನೆ ಪ್ರತಿ ಜಿಲ್ಲೆಗೆ 75 ಕೆರೆಗಳ ಗುರಿ ಇಟ್ಟುಕೊಂಡಿತ್ತು. ಏರಿ ಗಟ್ಟಿ ಮಾಡಿ, ನೆರಳಿನ ಗಿಡ ನೆಟ್ಟು, ಕೂರಲು ಕಲ್ಲು ಹಾಕಿದರೆ ಸಾಕು, ಮುಂಜಾನೆ ನಡೆಯುವವರಿಗೆ ದಾರಿ ಆಯಿತು. ಆದರೆ ಮೊದಲು ಹೂಳು ತೆಗೆಯಬೇಕು, ನೀರು ಬರುವ ಹಳ್ಳ ಬಿಡಿಸಬೇಕು. ನೀರು ಬರದ ಕೆರೆಯ ಸುತ್ತ ಪೇವರ್ಸ್ ಹಾಕಿದರೆ ಖಾಲಿ ಗುಂಡಿಗೆ ಪ್ರದಕ್ಷಿಣೆ ಹಾಕಿದಂತೆ.

ನಿಮ್ಮೂರಿಗೆ ಯೋಜನೆ ಬಂದರೆ ಕೇಳಬೇಕಾದ ಐದು ಪ್ರಶ್ನೆ

1. 2005, 2019, 2021ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು, ಆ ಗೆರೆ ನಕ್ಷೆಯಲ್ಲಿ ಇದೆಯೇ? ಕಾಮಗಾರಿ ಅದರ ಒಳಗೋ, ಹೊರಗೋ?

2. ಕಟ್ಟಿದ ಮೇಲೆ ಎದುರು ದಂಡೆ ಮತ್ತು ಮೇಲ್ಗಡೆ ಊರುಗಳಲ್ಲಿ ನೀರಿನ ಮಟ್ಟ ಎಷ್ಟು ಏರುತ್ತದೆ? ಲೆಕ್ಕ ಹಾಕಿದವರು ಯಾರು?

3. ಬೇಸಿಗೆಯಲ್ಲಿ ಅಲ್ಲಿ ನೀರು ಇರುತ್ತದೆಯೇ? ಇದ್ದರೆ ಯಾರ ಪಾಲಿನ ನೀರು?

4. ಊರ ಚರಂಡಿ ಮತ್ತು ಸಕ್ಕರೆ ಕಾರ್ಖಾನೆಗಳ ನೀರು ಎಲ್ಲಿಗೆ ಹೋಗುತ್ತದೆ? ಶುದ್ಧೀಕರಣ ಘಟಕ ಮೊದಲು ಆಗುತ್ತದೋ, ಟೈಲ್ಸ್ ಮೊದಲು ಆಗುತ್ತದೋ?

5. ಇವತ್ತು ಆ ದಂಡೆ ಬಳಸುವ ಮೀನುಗಾರರು, ಅಗಸರು, ದನ ಕಾಯುವವರು, ಪಂಪ್‌ಸೆಟ್ ಇಟ್ಟ ರೈತರು ನಾಳೆಯೂ ಅಲ್ಲಿ ಇರುತ್ತಾರೆಯೇ? ಪ್ರವೇಶಕ್ಕೆ ಟಿಕೆಟ್ ಇದೆಯೇ?

ವಿವರವಾದ ಯೋಜನಾ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆಯಬಹುದು. ಗ್ರಾಮಸಭೆಯಲ್ಲಿ ಈ ಪ್ರಶ್ನೆಗಳನ್ನು ನಡಾವಳಿಗೆ ಬರೆಸಬಹುದು. ಇದಕ್ಕೆ ಎಂಜಿನಿಯರ್ ಆಗಬೇಕಿಲ್ಲ. 2019ರಲ್ಲಿ ನೀರು ಯಾವ ಕಟ್ಟೆಯವರೆಗೆ ಬಂದಿತ್ತು ಅಂತ ಹೇಳುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ಅವರು ತೋರಿಸುವ ಗೆರೆಯಿಂದ ಯೋಜನೆ ಶುರುವಾಗಲಿ. ಅದರ ಒಳಗೆ ಮುಳುಗಿ ಏಳುವ ಪಾವಟಿಗೆ, ಅದರ ಹೊರಗೆ ಮರದ ನೆರಳಿನ ದಾರಿ. ಹೊಳಿ ದಂಡಿ ಹೊಳಿಗೂ ಜನರಿಗೂ ಇಬ್ಬರಿಗೂ ಉಳಿಯಲು ಅಷ್ಟು ಸಾಕು.